ಎರಡು ಪದವಿ ಕಲಿತ ಮಗಳಿಗೆ ಒಂದೂ ಉಳಿಯದ ಲೆಕ್ಕ

ಮಾನ್ಯ ಪರೀಕ್ಷಾ ನಿಯಂತ್ರಕರೇ,

ನನ್ನ ಮಗಳು ದೀಕ್ಷಿತಾ ಗಣಿತದಲ್ಲಿ ಒಂದು, ಕಂಪ್ಯೂಟರ್ ವಿಜ್ಞಾನದಲ್ಲಿ ಒಂದು, ಹೀಗೆ ಎರಡು ಪದವಿಗಳನ್ನು ಒಟ್ಟೊಟ್ಟಿಗೆ ಕಲಿತು ಎರಡರಲ್ಲೂ ಪ್ರಥಮ ದರ್ಜೆಯಲ್ಲಿ ಪಾಸಾದಳು. ಒಂದೇ ಕಾಲಕ್ಕೆ ಎರಡು ಪದವಿ ಕಲಿಯಕೂಡದೆಂಬ ನಿಯಮ ತೋರಿಸಿ ನಿಮ್ಮ ಕಚೇರಿ ಅವಳ ಗಣಿತದ ಪದವಿಯನ್ನು ರದ್ದು ಮಾಡಿತು. ರದ್ದು ಮಾಡಿದ ವಿಷಯವನ್ನು ಇನ್ನೊಂದು ವಿಶ್ವವಿದ್ಯಾಲಯಕ್ಕೂ ಬರೆದು ತಿಳಿಸಿತು. ಅವರು ಕಂಪ್ಯೂಟರಿನ ಪದವಿಯನ್ನು ರದ್ದು ಮಾಡಿದರು. ಈಗ ಸರಕಾರದ ಲೆಕ್ಕದಲ್ಲಿ ಅವಳು ಪ್ಲಸ್ ಟು ಪಾಸಾದವಳು, ಅಷ್ಟೆ. ಎರಡು ಕಲಿತದ್ದು ತಪ್ಪೆಂದೇ ಇಟ್ಟುಕೊಳ್ಳೋಣ. ಎರಡರಲ್ಲಿ ಹೆಚ್ಚಾದದ್ದು ಒಂದು. ಹೆಚ್ಚಾದದ್ದನ್ನು ತೆಗೆದರೆ ಒಂದು ಉಳಿಯಬೇಕಲ್ಲವೇ? ನಾನು ಊರಿನ ಶಾಲೆಯಲ್ಲಿ ಏಳನೇ ತರಗತಿಯವರೆಗೆ ಮಾತ್ರ ಓದಿದವಳು. ನನಗೆ ಕಲಿಸಿದ ಕಳೆಯುವ ಲೆಕ್ಕ ಹಾಗಿತ್ತು. ವಿಶ್ವವಿದ್ಯಾಲಯದಲ್ಲಿ ಬೇರೆ ರೀತಿ ಇದ್ದರೆ ದಯವಿಟ್ಟು ತಿಳಿಸಿಕೊಡಿ.

ಇದನ್ನು ಪತ್ರಿಕೆಗೆ ಯಾಕೆ ಬರೆದೆನೆಂದು ನೀವು ಕೇಳಬಹುದು. ನಿಮ್ಮ ಕಚೇರಿಗೆ ನೇರವಾಗಿ ಕಳಿಸಿದ ಅರ್ಜಿಗಳಿಗೆ ಉತ್ತರ ಬರಲಿಲ್ಲ. ಆದರೆ ಪತ್ರಿಕೆಯಲ್ಲಿ ಬಂದದ್ದನ್ನು ನಿಮ್ಮ ಕಚೇರಿ ಓದುತ್ತದೆ, ಕತ್ತರಿಸಿ ಫೈಲಿನಲ್ಲಿ ಅಂಟಿಸಿ ಇಟ್ಟುಕೊಳ್ಳುತ್ತದೆ ಎಂಬುದು ನಮ್ಮ ಅನುಭವ. ಕನ್ನಡದಲ್ಲಿ ಬರೆದದ್ದು ಯಾಕೆಂದರೆ ಬರೆಯಲು ಬರುವುದು ನನಗೆ ಅದೊಂದೇ. ನಿಮಗೂ ಕನ್ನಡ ಚೆನ್ನಾಗಿ ಬರುತ್ತದೆ. ನಮ್ಮೂರಿನ ವೇದಿಕೆಯ ಮೇಲೆ ನಿಮ್ಮ ಮಾತು ಕೇಳಿದ್ದೇನೆ. ಆ ದಿನದ ಸಂಗತಿಗೆ ಆಮೇಲೆ ಬರುತ್ತೇನೆ.

ನಮ್ಮದು ಪುತ್ತಿಗೆ. ನಾನು ಬೀಡಿ ಕಟ್ಟುವವಳು. ಗಂಡ ಪ್ರೇಮನಾಥ ಬದಿಯಡ್ಕದಿಂದ ಕುಂಬಳೆಗೆ ಸರ್ವಿಸ್ ಜೀಪು ಓಡಿಸುತ್ತಾರೆ. ನಮಗೆ ಒಬ್ಬಳೇ ಮಗಳು. ಶಾಲೆಯಲ್ಲಿ ದೀಕ್ಷಿತಾ, ಮನೆಯಲ್ಲಿ ಕಿನ್ನಿ. ಅವಳಿಗೆ ಲೆಕ್ಕದ ಹುಚ್ಚು ಹಿಡಿಸಿದವರು ಹೈಸ್ಕೂಲಿನ ಸೌದಾಮಿನಿ ಟೀಚರ್. ಒಂದು ಲೆಕ್ಕವನ್ನು ಮಾಡಿ ಮುಗಿಸಿದ ಮೇಲೆ ಅದನ್ನೇ ಬೇರೆ ದಾರಿಯಲ್ಲಿ ಇನ್ನೊಮ್ಮೆ ಮಾಡಿ ನೋಡುವ ಚಟ ಅವಳಿಗೆ ಆಗಲೇ ಅಂಟಿತ್ತು. "ಉತ್ತರ ಸಿಕ್ಕಿತಲ್ಲ, ಇನ್ನು ಎಂತಕ್ಕೆ?" ಎಂದು ಕೇಳಿದರೆ, "ಉತ್ತರ ಒಂದೇ ಅಮ್ಮ, ದಾರಿ ಚಂದ ಉಂಟು" ಎನ್ನುತ್ತಿದ್ದಳು. ಪ್ಲಸ್ ಟು ಮುಗಿದಾಗ ಟೀಚರ್ ಮನೆಗೇ ಬಂದು, "ಸುಂದರಿಯಕ್ಕ, ಇವಳು ಗಣಿತದಲ್ಲೇ ಪದವಿ ಮಾಡ್ಬೇಕು. ಮತ್ತೆ ಬಿ.ಎಡ್. ಮಾಡಿ ನನ್ನ ಜಾಗಕ್ಕೆ ಬರ್ಬೇಕು. ನಾನು ರಿಟೈರ್ ಆದ ಮೇಲೆ ಈ ಮಕ್ಕಳಿಗೆ ಕನ್ನಡದಲ್ಲಿ ಲೆಕ್ಕ ಹೇಳಿಕೊಡುವವರು ಯಾರು?" ಎಂದರು.

ಗಂಡನಿಗೆ ಸಮಾಧಾನ ಆಗಲಿಲ್ಲ. ಅವರ ಜೀಪಿನಲ್ಲಿ ದಿನಾ ಕುಳಿತು ಹೋಗುವವರ ಮಾತೆಲ್ಲ ಕಂಪ್ಯೂಟರ್.

"ಟೀಚರ್ ಕೆಲಸ ಸಿಗ್ಲಿಕ್ಕೆ ಎಷ್ಟು ವರ್ಷ ಕಾಯ್ಬೇಕು? ಕಂಪ್ಯೂಟರ್ ಕಲಿತ್ರೆ ಎಲ್ಲಿಯಾದ್ರೂ ನಡೀತದೆ" ಎಂದರು.

"ಆಯ್ತು ಅಪ್ಪ, ಅದನ್ನೂ ಕಲೀತೇನೆ."

"ಅದನ್ನೂ ಅಂದ್ರೆ?"

"ಇದನ್ನು ಬಿಟ್ಟು ಅಲ್ಲ. ಎರಡೂ."

"ಎರಡು ದೋಸೆ ತಿಂದ ಹಾಗೆ ಹೇಳ್ತಾಳೆ ನೋಡು ಇವಳು" ಎಂದು ಅವರು ನನ್ನ ಕಡೆ ತಿರುಗಿದರು. ಎರಡು ದೋಸೆ ತಿನ್ನುವವಳಿಗೆ ಒಂದು ಹಾಕಿ ಏಳಿಸುವ ತಾಯಿ ನಾನಲ್ಲ. ಕಲಿಯಲಿ ಎಂದೆ.

ಹೀಗೆ 2012ರಲ್ಲಿ ಅವಳು ಕಾಸರಗೋಡಿನ ಕಾಲೇಜಿನಲ್ಲಿ, ನಿಮ್ಮ ವಿಶ್ವವಿದ್ಯಾಲಯದ ಅಡಿಯಲ್ಲಿ, ಗಣಿತದ ಬಿ.ಎಸ್ಸಿ.ಗೆ ಸೇರಿದಳು. ಗಡಿಯಾಚೆಯ ಒಂದು ವಿಶ್ವವಿದ್ಯಾಲಯದ ದೂರಶಿಕ್ಷಣದಲ್ಲಿ ಕಂಪ್ಯೂಟರ್ ವಿಜ್ಞಾನಕ್ಕೂ ಸೇರಿದಳು. ಅದರ ಕಲಿಕಾ ಕೇಂದ್ರ ಮಂಗಳೂರಿನಲ್ಲಿ, ಆದಿತ್ಯವಾರ ತರಗತಿ. ಸೇರುವ ದಿನ ನಾನೂ ಜೊತೆಗೆ ಹೋಗಿದ್ದೆ. ಅಲ್ಲಿ ಅರ್ಜಿ ತೆಗೆದುಕೊಳ್ಳಲು ಕುಳಿತಿದ್ದವರಲ್ಲಿ ಮಗಳು ಸರಿಯಾಗಿಯೇ ಕೇಳಿದಳು, "ಸರ್, ನಾನು ಕಾಲೇಜಿಗೂ ಹೋಗ್ತಾ ಇದ್ದೇನೆ. ತೊಂದರೆ ಉಂಟಾ?" ಅವರು ನಕ್ಕರು. "ಅದಕ್ಕೇ ಅಲ್ವಾ ಮಾರಾಯ್ತಿ ದೂರಶಿಕ್ಷಣ ಇರುದು? ಪುರುಸೊತ್ತು ಇಲ್ಲದವರಿಗೆ!" ನಾವು ಅದನ್ನು ಅಧಿಕಾರಿಯ ಮಾತೆಂದು ನಂಬಿದೆವು. ನಿಮ್ಮ ನಿಯಮ ಕಾಲೇಜಿನ ಕೈಪಿಡಿಯ ಯಾವುದೋ ಪುಟದಲ್ಲಿ ಇತ್ತಂತೆ. ಇದ್ದಿರಬಹುದು. ಕಾಲೇಜಿನಿಂದ ನಮ್ಮ ಮನೆಗೆ ಬರುತ್ತಿದ್ದದ್ದು ಮಗಳೊಬ್ಬಳೇ, ಕೈಪಿಡಿಯನ್ನು ಓದಿ ಹೇಳುವವರು ಯಾರೂ ಬರಲಿಲ್ಲ.

ಎರಡನ್ನು ಒಟ್ಟಿಗೆ ಕಲಿತರೆ ಎರಡೂ ಅರೆಬರೆಯಾಗುತ್ತದೆ, ಅದಕ್ಕೇ ಈ ನಿಯಮ ಎಂದು ನಿಮ್ಮ ಕಚೇರಿಯ ಒಬ್ಬರು ನನಗೆ ಬುದ್ಧಿ ಹೇಳಿದರು. ಇರಬಹುದು, ಎಲ್ಲರಿಂದಲೂ ಆಗುವ ಕೆಲಸವಲ್ಲ. ಆದರೆ ನಾನು ಬೀಡಿಯ ಎಲೆ, ಹೊಗೆಸೊಪ್ಪಿನ ಹುಡಿ ತುಂಬಿದ ಸೂಪನ್ನು ತೊಡೆಯ ಮೇಲಿಟ್ಟುಕೊಂಡು ಮೂರು ವರ್ಷ ಕಣ್ಣೆದುರು ಕಂಡದ್ದು ಬೇರೆ. ಕಾಲೇಜಿನಲ್ಲಿ ಕಲಿತ ಗಣಿತದ ಪಾಠವೇ ಕಂಪ್ಯೂಟರಿನ ಪುಸ್ತಕದಲ್ಲಿ ಬೇರೆ ಹೆಸರಿನಲ್ಲಿ ಬಂದಾಗ ಅವಳು, "ಅಮ್ಮಾ, ಇವರು ನಮ್ಮ ನೆಂಟರೇ!" ಎಂದು ಕುಣಿಯುತ್ತಿದ್ದಳು. ಒಮ್ಮೆ ನಾನೇ ಕೇಳಿದೆ, ಎರಡಕ್ಕೂ ವ್ಯತ್ಯಾಸ ಎಂತದು ಎಂದು. ಅವಳು ಸ್ವಲ್ಪ ಯೋಚಿಸಿ ಹೇಳಿದಳು. "ಗಣಿತದಲ್ಲಿ ಉತ್ತರ ಉಂಟು ಅಂತ ಸಾಧಿಸಿ ತೋರಿಸಿದ್ರೂ ದೊಡ್ಡ ಕೆಲಸವೇ ಅಮ್ಮ. ಕಂಪ್ಯೂಟರಿಗೆ ಅಷ್ಟು ಸಾಲದು. ಎಲ್ಲಿ ಉಂಟು, ಹೇಗೆ ಹೋಗುದು, ಒಂದೊಂದು ಹೆಜ್ಜೆ ಹೇಳ್ಬೇಕು." ನನಗೆ ಅದು ಕೂಡಲೇ ಅರ್ಥವಾಯಿತು. ದೇವರು ಉಂಟು ಎಂದು ನಂಬುವುದು ಬೇರೆ, ಬೆಳಿಗ್ಗೆ ಎದ್ದು ಮಿಂದು ದೀಪ ಹಚ್ಚುವುದು ಬೇರೆ. ಒಂದಿಲ್ಲದೆ ಇನ್ನೊಂದಕ್ಕೆ ಅರ್ಥವಿಲ್ಲ. ಎರಡನ್ನೂ ಒಟ್ಟಿಗೆ ಮಾಡುತ್ತೇನೆಂದು ದೇವರು ಈವರೆಗೆ ನನ್ನ ಮೇಲೆ ಕ್ರಮ ಕೈಗೊಂಡಿಲ್ಲ.

ನಿಮ್ಮ ಆದೇಶದಲ್ಲಿ "ಸಂಗತಿಯನ್ನು ಮರೆಮಾಚಿ ವಂಚಿಸಿದ್ದಾಳೆ" ಎಂದು ಬರೆದಿದೆ. ಆ ಮರೆಮಾಚಿದ ರೀತಿ ಹೇಗಿತ್ತೆಂದು ಒಂದು ದಿನದ ಕಥೆ ಹೇಳುತ್ತೇನೆ.

ಎರಡನೇ ವರ್ಷ ಎರಡೂ ಕಡೆಯ ಪರೀಕ್ಷೆ ಒಂದೇ ದಿನ ಬಿತ್ತು. ಬೆಳಿಗ್ಗೆ ಕಾಸರಗೋಡಿನಲ್ಲಿ ಗಣಿತ, ಮಧ್ಯಾಹ್ನ ಮಂಗಳೂರಿನಲ್ಲಿ ಕಂಪ್ಯೂಟರ್. ಗಂಡ ಆ ದಿನ ಸರ್ವಿಸ್ ಬಿಟ್ಟು ಜೀಪನ್ನು ಕಾಲೇಜಿನ ಗೇಟಿನ ಎದುರು ತಂದು ನಿಲ್ಲಿಸಿದರು. ನಾನು ಹಿಂದಿನ ಸೀಟಿನಲ್ಲಿ ಬುತ್ತಿ ಹಿಡಿದು ಕುಳಿತಿದ್ದೆ. ಅವಳು ಓಡಿ ಬಂದು ಹತ್ತಿದ ಕೂಡಲೇ ಜೀಪು ಹೊರಟಿತು. ಒಂದು ಕೈಯಲ್ಲಿ ಪುಸ್ತಕ ಹಿಡಿದು ಅವಳು ಬಾಯಿ ತೆರೆಯುವುದು, ನಾನು ತುತ್ತು ಇಡುವುದು. ಹೊಂಡ ಬಂದಾಗಲೆಲ್ಲ ಸಾರು ಪುಸ್ತಕದ ಮೇಲೆ. ಕುಂಬಳೆಯಲ್ಲಿ ದಿನಾ ಬರುವ ಪ್ರಯಾಣಿಕರು ಕೈ ಅಡ್ಡ ಹಿಡಿದರು.

"ಪ್ರೇಮಣ್ಣಾ, ನಿಲ್ಸಿ ಮಾರಾಯ್ರೇ! ಖಾಲಿ ಜೀಪು ಎಲ್ಲಿಗೆ ಓಡಿಸ್ತೀರಿ?"

"ಇವತ್ತು ಸರ್ವಿಸ್ ಇಲ್ಲ! ಆಂಬುಲೆನ್ಸ್!"

"ಅಯ್ಯೋ ದೇವರೇ, ಯಾರಿಗೆ ಎಂತ ಆಯ್ತು?"

"ಕಿನ್ನಿಗೆ! ಕಂಪ್ಯೂಟರ್!"

ಹಿಂದಿನಿಂದ ಅವರೆಲ್ಲ ನಗುವುದು ಕೇಳಿಸಿತು. ತಲಪಾಡಿಗೆ ಬರುವಾಗ ಗಡಿಯ ಚೆಕ್‌ಪೋಸ್ಟಿನಲ್ಲಿ ಪೊಲೀಸರೊಬ್ಬರು ಅಡ್ಡಗಟ್ಟಿದರು. ಆಚೆ ಘಟ್ಟದ ಮೇಲಿನವರಿರಬೇಕು, ಮಾತು ಬೇರೆ ಥರ.

"ಪರ್ಮಿಟ್ ಎಲ್ಲೈತಿ? ಕೇರಳದ ಬಾಡಿಗಿ ಗಾಡಿ ಪರ್ಮಿಟ್ ಇಲ್ಲದ ಈ ಕಡೆ ಬಿಡಂಗಿಲ್ಲ."

"ಮಗಳಿಗೆ ಪರೀಕ್ಷೆ ಉಂಟು ಸಾರ್" ಎಂದು ಗಂಡ ಕೈಮುಗಿದರು.

ಅವರು ಮಗಳ ಕೈ ನೋಡಿದರು. "ಏನವ್ವಾ, ಬೆರಳಿಗೆಲ್ಲ ಮಸಿ ಹತ್ತೈತಿ. ಪರೀಕ್ಷೆ ಬರೆದು ಬಂದಂಗ ಕಾಣ್ತಿ?"

"ಬರೆದು ಬಂದದ್ದು ಗಣಿತ ಸರ್. ಬರೀಲಿಕ್ಕೆ ಹೋಗುದು ಕಂಪ್ಯೂಟರ್."

"ಒಂದ ದಿನಕ್ಕ ಎರಡ? ನನ್ನ ಮಗ ಎರಡ ವರ್ಷಕ್ಕ ಒಂದ ಬರಿಯಂಗಿಲ್ಲ!"

ಅವರು ಜೀಪನ್ನು ಬಿಡಲಿಲ್ಲ. ನಿಯಮ ನಿಯಮವೇ ಎಂದರು. ಆದರೆ ಅಷ್ಟು ಹೇಳಿ ಕುರ್ಚಿಗೆ ಹೋಗಿ ಕೂರಲಿಲ್ಲ. ರಸ್ತೆಯ ನಡುವಿಗೆ ಹೋಗಿ ಸೀಟಿ ಊದಿದರು. ಮಂಗಳೂರಿಗೆ ಹೋಗುವ ಬಸ್ಸೊಂದನ್ನು ನಿಲ್ಲಿಸಿ, ಕಂಡಕ್ಟರಿಗೆ, "ಈ ಹುಡುಗೀನ್ನ ಪರೀಕ್ಷೆ ಹೊತ್ತಿಗೆ ಮುಟ್ಟಿಸಬೇಕು, ದಾರ್‍ಯಾಗ ಎಲ್ಲೂ ನಿಂದ್ರಬ್ಯಾಡ" ಎಂದು ಹೇಳಿ ಅವಳನ್ನು ಹತ್ತಿಸಿಯೇ ಬಿಟ್ಟರು. ಕಿನ್ನಿ ಆ ಪರೀಕ್ಷೆಗೆ ಹೊತ್ತಿಗೆ ಸರಿಯಾಗಿ ಹೋಗಿ ಕುಳಿತಳು.

ಮಾನ್ಯರೇ, ಕುಂಬಳೆಯ ಪೇಟೆಗೆ ಕೂಗಿ ಹೇಳಿ, ಗಡಿಯ ಪೊಲೀಸರಿಗೆ ತಿಳಿಸಿ, ಬಸ್ಸಿನ ಕಂಡಕ್ಟರನ ಸಹಾಯ ಪಡೆದು ಮಾಡಿದ ವಂಚನೆ ಇದು. ಇಂಥ ವಂಚಕರನ್ನು ನಿಮ್ಮ ಸೇವಾವಧಿಯಲ್ಲಿ ಎಷ್ಟು ಜನರನ್ನು ಕಂಡಿದ್ದೀರಿ? ಇನ್ನೊಂದು ಮಾತು. ಆ ಪೊಲೀಸರ ಕೈಯಲ್ಲೂ ಒಂದು ನಿಯಮವಿತ್ತು. ಅವರು ಅದನ್ನು ಮುರಿಯಲಿಲ್ಲ. ಜೀಪು ಗಡಿ ದಾಟಲಿಲ್ಲ, ಹುಡುಗಿ ದಾಟಿದಳು. ನಿಯಮ ಪಾಲಿಸುವವರಿಗೆ ಒಂದು ಸೀಟಿಯೂ ಇರುತ್ತದೆಂದು ನಾನು ಆ ದಿನ ಕಲಿತೆ. ಅವರು ಯಾವ ಪದವಿ ಪಡೆದವರೋ ನನಗೆ ಗೊತ್ತಿಲ್ಲ.

ಇನ್ನು ಆ ವೇದಿಕೆಯ ವಿಷಯ. 2015ರಲ್ಲಿ ಎರಡೂ ಫಲಿತಾಂಶ ಬಂತು. ಅವಳು ಬಿ.ಎಡ್.ಗೆ ಸೇರಿದಳು. ಆ ವರ್ಷ ನಮ್ಮ ಭಜನಾ ಮಂದಿರದ ವಾರ್ಷಿಕೋತ್ಸವದಲ್ಲಿ ಅವಳಿಗೆ ಸನ್ಮಾನ ಎಂದು ನಿಶ್ಚಯವಾಯಿತು. ನಮ್ಮ ಕಡೆ ಸನ್ಮಾನವೆಂದರೆ ಶಾಲು, ಹಣ್ಣಿನ ಬುಟ್ಟಿ ಮಾತ್ರವಲ್ಲ. ಸನ್ಮಾನ ಪತ್ರವನ್ನು ಮೈಕಿನಲ್ಲಿ ರಾಗವಾಗಿ ಓದಬೇಕು. ಅದರಲ್ಲಿ ಒಂದು ಸಂಗತಿ ಬಿಟ್ಟುಹೋದರೂ ಮನೆಯವರಿಗೆ ಬೇಸರ. ಹಾಗಾಗಿ ಮಂದಿರದ ಕಾರ್ಯದರ್ಶಿ ಕೃಷ್ಣಕುಮಾರ ಮೊದಲೇ ಮನೆಗೆ ಬಂದು ಎಲ್ಲ ಕೇಳಿಕೊಂಡು ಹೋಗಿ ಬರೆಯುತ್ತಾನೆ. ಅವನ ಪತ್ರ ಊರಿಗೇ ಪ್ರಸಿದ್ಧ. "ಗಣಿತವೆಂಬ ಗಂಗೆಯಲ್ಲೂ ಗಣಕವೆಂಬ ಯಮುನೆಯಲ್ಲೂ ಏಕಕಾಲದಲ್ಲಿ ಮಿಂದೆದ್ದ ನಮ್ಮೂರ ಕುವರಿ" ಎಂದು ಅವನು ಓದಿದಾಗ ಚಪ್ಪರದಡಿ ಕುಳಿತವರೆಲ್ಲ ಚಪ್ಪಾಳೆ ತಟ್ಟಿದರು. ಶಾಲು ಹೊದಿಸಿದವರು ಆ ದಿನದ ಮುಖ್ಯ ಅತಿಥಿಗಳು. ಅಂದರೆ ನೀವು.

ನಿಮಗೆ ನೆನಪಿರಬಹುದು. ಶಾಲು ಹೊದಿಸಿ, ಮೈಕಿನ ಮುಂದೆಯೇ ಅವಳಲ್ಲಿ ಕೇಳಿದಿರಿ, "ಎರಡನ್ನೂ ಒಟ್ಟಿಗೆ ಹೇಗೆ ಸುಧಾರಿಸಿದೆ ಮಗಾ?"

"ಅಮ್ಮ ಬೇರೆ ಕೆಲಸ ಹೇಳ್ಲಿಲ್ಲ ಸರ್" ಎಂದಳು.

ಜನ ನಕ್ಕರು, ನೀವೂ ನಕ್ಕಿರಿ. ಮತ್ತೆ ಭಾಷಣದಲ್ಲಿ, "ಈ ಹುಡುಗಿ ನಮ್ಮ ವಿಶ್ವವಿದ್ಯಾಲಯದ ಹೆಮ್ಮೆ, ಎಲ್ಲ ಮಕ್ಕಳೂ ಇವಳನ್ನು ನೋಡಿ ಕಲಿಯಬೇಕು" ಎಂದಿರಿ. ನಾನು ಹೆಂಗಸರ ಸಾಲಿನಲ್ಲಿ ಕುಳಿತು ಸೆರಗಿನಲ್ಲಿ ಕಣ್ಣು ಒರೆಸಿಕೊಂಡೆ. ಭಜನೆಯ ಹೊತ್ತಿಗೆ ಮಂದಿರದ ದೇವರ ಮುಂದೆ ನಿಂತು, ಸ್ವಾಮೀ, ಈ ದೊಡ್ಡ ಮನುಷ್ಯರಿಗೆ ಒಳ್ಳೆಯದಾಗಲಿ ಎಂದು ಬೇಡಿಕೊಂಡೆ.

ಮರುದಿನ ಪತ್ರಿಕೆಯ ಊರಿನ ಪುಟದಲ್ಲಿ ಫೋಟೋ ಸಹಿತ ಸುದ್ದಿ ಬಂತು. ಅದನ್ನು ಯಾರು ನಿಮ್ಮ ಕಚೇರಿಗೆ ಕಳಿಸಿದರೆಂದು ನಾನು ಹುಡುಕಲು ಹೋಗುವುದಿಲ್ಲ. ಕೆಲವು ತಿಂಗಳ ಮೇಲೆ ನಿಮ್ಮಲ್ಲಿಂದ ವಿಚಾರಣೆಯ ನೋಟೀಸು ಬಂತು. ಮಲಯಾಳದಲ್ಲಿತ್ತು. ನೆರೆಯ ಹುಡುಗ ವಿಜೇತ್ ಓದಿ ಹೇಳುವಾಗ ಅರ್ಧಕ್ಕೆ ಸ್ವರ ತಗ್ಗಿಸಿದ. "ಎಂತ ಮಾರಾಯ, ಜೋರಾಗಿ ಓದು" ಎಂದರು ಗಂಡ. ಅವನು ಓದಲಿಲ್ಲ, ಕಾಗದವನ್ನು ಮಗಳ ಕೈಗೆ ಕೊಟ್ಟ.

ರೈಲು ಹತ್ತಿ ನಿಮ್ಮಲ್ಲಿಗೆ ಬಂದೆವು. ಮಧ್ಯಾಹ್ನದವರೆಗೆ ವರಾಂಡದಲ್ಲಿ ಕಾದೆವು. ಒಬ್ಬ ಗುಮಾಸ್ತೆ ಹೆಂಗಸು ಕುಡಿಯಲು ನೀರು ತಂದುಕೊಟ್ಟರು, ಅವರ ಹೆಸರು ಕೇಳಿಕೊಳ್ಳಲಿಲ್ಲವಲ್ಲ ಎಂದು ಈಗಲೂ ಅನಿಸುತ್ತದೆ. ಒಳಗೆ ನಾಲ್ಕೈದು ಮಂದಿ ಮೇಜಿನ ಹಿಂದೆ ಕುಳಿತಿದ್ದರು, ನಡುವೆ ನೀವು. ನಾನು ಗುರುತಿನ ನಗು ನಕ್ಕೆ. ನೀವು ಫೈಲಿನಿಂದ ಕಣ್ಣೆತ್ತಲಿಲ್ಲ. ಎದುರಿಗೆ ಇಟ್ಟ ಪುರಾವೆಗಳಲ್ಲಿ ಕೃಷ್ಣಕುಮಾರನ ಸನ್ಮಾನ ಪತ್ರದ ನಕಲು ಇತ್ತು. "ಏಕಕಾಲದಲ್ಲಿ" ಎಂಬಲ್ಲಿ ಕೆಂಪು ಗೆರೆ. ಪತ್ರಿಕೆಯ ಚಿತ್ರವೂ ಇತ್ತು. ಕತ್ತರಿಸುವಾಗ ಶಾಲು ಹೊದಿಸುವ ಎರಡು ಕೈಗಳಷ್ಟೇ ಉಳಿದಿದ್ದವು. ಆ ಕೈಗಳ ಮುಖ ಕತ್ತರಿಯ ಆಚೆಗೆ ಹೋಗಿತ್ತು.

ನಿಮ್ಮ ಪಕ್ಕದವರು ಕೇಳಿದರು, "ಬೇಕೆಂದೇ ಮುಚ್ಚಿಟ್ಟಿರಿ, ಅಲ್ಲವೇ?"

ನನಗೆ ತಡೆಯಲಿಲ್ಲ. "ಮುಚ್ಚಿಡುವವರು ಮೈಕಿನಲ್ಲಿ ಓದಿಸ್ತಾರಾ ಸರ್?" ಎಂದೆ.

"ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳಿ" ಎಂದಿರಿ ನೀವು. ಆ ದಿನ ನೀವು ಆಡಿದ ಮಾತು ಅದೊಂದೇ.

ಅಲ್ಲಿ ಕೇಳಲು ಬಿಡದ ಪ್ರಶ್ನೆಯನ್ನು ಇಲ್ಲಿ ಕೇಳುತ್ತೇನೆ. ಶಾಲು ಹೊದಿಸುವ ದಿನ ನಿಮಗೆ ಆ ನಿಯಮ ಗೊತ್ತಿತ್ತೇ? ಗೊತ್ತಿದ್ದರೆ ಅವಳನ್ನು ಹೊಗಳಿದ್ದು ಯಾಕೆ? ಎಲ್ಲ ಮಕ್ಕಳೂ ಇವಳಂತೆ ಮಾಡಬೇಕೆಂದು ಊರಿಗೆ ಉಪದೇಶ ಮಾಡಿದ್ದು ಯಾಕೆ? ಗೊತ್ತಿರಲಿಲ್ಲವೆಂದಾದರೆ, ಅದೇ ಕಚೇರಿಯ ಅದೇ ಕುರ್ಚಿಯಲ್ಲಿ ಕೂರುವ ನಿಮಗೆ ಗೊತ್ತಿರದ ನಿಯಮ ಬೀಡಿ ಕಟ್ಟುವವಳ ಮಗಳಿಗೆ ಗೊತ್ತಿರಬೇಕಿತ್ತೇ? ಎರಡರಲ್ಲಿ ಯಾವುದಾದರೂ ಒಂದು ನಿಜವಾಗಿರಲೇಬೇಕು. ಮರೆತದ್ದಾದರೆ ಮರೆತೆನೆಂದು ಹೇಳಿ, ನಾವು ಅದನ್ನು ದೊಡ್ಡದು ಮಾಡುವುದಿಲ್ಲ. ಮನುಷ್ಯರು ಮರೆಯುತ್ತಾರೆ. ನೀವು ಮರೆತದ್ದಕ್ಕೆ ಹೆಸರು ಮರೆವು, ಅವಳಿಗೆ ತಿಳಿಯದೆ ಹೋದದ್ದಕ್ಕೆ ಹೆಸರು ವಂಚನೆ. ಇದು ಯಾವ ನಿಘಂಟು?

ಅದೇ ದಿನ ಕೃಷ್ಣಕುಮಾರ ನಿಮ್ಮ ಪರಿಚಯವನ್ನೂ ಓದಿದ್ದ. ಪರೀಕ್ಷಾ ನಿಯಂತ್ರಕರು, ಅದರ ಜೊತೆಗೆ ಇನ್ನೊಂದು ವಿಭಾಗದ ಹೆಚ್ಚುವರಿ ಹೊಣೆಯನ್ನೂ ಸಮರ್ಥವಾಗಿ ನಿರ್ವಹಿಸುತ್ತಿರುವವರು ಎಂದು. ಅದಕ್ಕೂ ಚಪ್ಪಾಳೆ ಬಿದ್ದಿತ್ತು. ಒಬ್ಬರು ಎರಡು ಹುದ್ದೆಯಲ್ಲಿ ಏಕಕಾಲದಲ್ಲಿ ಕುಳಿತದ್ದಕ್ಕಾಗಿ ಎರಡೂ ಹುದ್ದೆ ರದ್ದಾದದ್ದನ್ನು ನಾನು ಕೇಳಿಲ್ಲ. ನಿಮಗೆ ಹಾಗಾಗಬಾರದು, ಆಗಲೂ ಕೂಡದು. ದೊಡ್ಡವರಿಗೆ ಸಾಮರ್ಥ್ಯವಾದದ್ದು ಚಿಕ್ಕವರಿಗೆ ಅಪರಾಧ ಹೇಗಾಗುತ್ತದೆ ಎಂದಷ್ಟೇ ಕೇಳುತ್ತಿದ್ದೇನೆ. ಅವಳು ಯಾರ ಸೀಟನ್ನು ಕಿತ್ತುಕೊಂಡಳು? ದೂರಶಿಕ್ಷಣದಲ್ಲಿ ಬೆಂಚೇ ಇಲ್ಲ. ಯಾರ ಉತ್ತರ ನೋಡಿ ಬರೆದಳು? ಹಾಜರಿ ಕಡಿಮೆಯಾಗಿತ್ತೇ? ಇದ್ಯಾವುದೂ ಆದೇಶದಲ್ಲಿ ಇಲ್ಲ. ಅವಳು ನಿಮಗೆ ಬೇಡವೆನಿಸುವಷ್ಟು ಕಲಿತಳು. ಅದೊಂದೇ ಆರೋಪ.

ಆದೇಶ ಬಂದ ಮೇಲೆ ಬಿ.ಎಡ್. ಕಾಲೇಜಿನವರು ಅವಳನ್ನು ಕರೆದು, ಮೂಲ ಪದವಿಯೇ ಇಲ್ಲದಿದ್ದರೆ ನಾವು ಏನು ಮಾಡಲು ಸಾಧ್ಯ ಎಂದರು. ಪಾಪ, ಅವರು ಮೆಲ್ಲನೆಯೇ ಹೇಳಿದರು. ಪಾಠ ಮಾಡಲು ತಾನೇ ತಯಾರಿಸಿದ್ದ ರಟ್ಟಿನ ತ್ರಿಕೋನ, ವೃತ್ತಗಳನ್ನೆಲ್ಲ ಅವಳು ಅಲ್ಲಿಯೇ ಗೆಳತಿ ಭವ್ಯಶ್ರೀಗೆ ಕೊಟ್ಟು ಬಂದಳು.

ನಮ್ಮ ಜಗಲಿಯಲ್ಲಿ ಶನಿವಾರ ಲೆಕ್ಕ ಹೇಳಿಸಿಕೊಳ್ಳಲು ನೆರೆಕರೆಯ ಮಕ್ಕಳು ಬರುತ್ತಿದ್ದರು. ಸೌದಾಮಿನಿ ಟೀಚರ್ ನಿವೃತ್ತರಾದ ಮೇಲೆ ಆ ಹೈಸ್ಕೂಲಿಗೆ ಬಂದ ಗಣಿತದ ಮಾಸ್ತರರಿಗೆ ಕನ್ನಡ ಬರುವುದಿಲ್ಲ. ಮಕ್ಕಳಿಗೆ ಮಲಯಾಳ ಅರ್ಥವಾಗುವುದಿಲ್ಲ. ಅಲ್ಲಿ ತಿಳಿಯದ್ದನ್ನು ಇಲ್ಲಿ ಕೇಳುತ್ತಿದ್ದರು. ಒಂದು ಶನಿವಾರ ಒಬ್ಬಳು ತಾಯಿ ಅಂಗಳದಲ್ಲೇ ನಿಂತು ಮಗನನ್ನು ಕರೆದಳು. "ಬಾ, ಹೋಗುವಾ. ಇವಳದ್ದು ಕಳ್ಳ ಸರ್ಟಿಫಿಕೇಟ್ ಅಂತೆ, ಮತ್ತೆ ಲೆಕ್ಕ ಸರಿ ಇರ್ತದಾ?" ಕೇಳಿಸಲಿ ಎಂದು ಹೇಳಿದ್ದಲ್ಲ, ಕೇಳಿಸಿತು. ಮುಂದಿನ ವಾರ ಮಗಳೇ ಉಳಿದ ಮಕ್ಕಳಿಗೆ, ಇನ್ನು ಬರಬೇಡಿ ಎಂದಳು. ಈಗ ಬದಿಯಡ್ಕದ ಒಂದು ಫ್ಯಾನ್ಸಿ ಅಂಗಡಿಯಲ್ಲಿ ನಿಲ್ಲುತ್ತಾಳೆ. ಒಂದು ದಿನ ನಾನು ಅವಳಿಗೆ ಹೇಳದೆ ಹೋದೆ. ಎದುರಿನ ಗಿರಾಕಿ ತೆಗೆದದ್ದು ಒಂದು ಬಾಚಣಿಗೆ, ಒಂದು ಪಿನ್ನಿನ ಪ್ಯಾಕೆಟು, ಎರಡೇ ಸಾಮಾನು. ಅದನ್ನು ಕೂಡಿಸಲು ಅವಳು ಕ್ಯಾಲ್ಕುಲೇಟರ್ ಒತ್ತುತ್ತಿದ್ದಳು. ನಾನು ಬಾಗಿಲಿನಿಂದಲೇ ಹಿಂದೆ ಬಂದೆ.

ಕೃಷ್ಣಕುಮಾರ ನಮ್ಮ ಮನೆಗೆ ಬರುವುದನ್ನೇ ಬಿಟ್ಟಿದ್ದ. ದಾರಿಯಲ್ಲಿ ಸಿಕ್ಕಾಗ, "ನನ್ನ ಅಕ್ಷರದಿಂದ ಹೀಗಾಯ್ತಲ್ಲ ಅಕ್ಕ" ಎಂದು ಅತ್ತ. ನಿನ್ನ ತಪ್ಪಲ್ಲ ಎಂದೆ. ಅವನು ಕೇಳಲಿಲ್ಲ. ಈ ಸಲದ ವಾರ್ಷಿಕೋತ್ಸವದಲ್ಲಿ ಸನ್ಮಾನ ಪತ್ರ ಓದಲೇ ಇಲ್ಲ. ಶಾಲು ಹೊದಿಸಿದರು, ಹಣ್ಣು ಕೊಟ್ಟರು, ಇಳಿಸಿದರು. ಸನ್ಮಾನಗೊಂಡವರು ಏನು ಸಾಧನೆ ಮಾಡಿದರೆಂದು ಯಾರೂ ಮೈಕಿನಲ್ಲಿ ಹೇಳಲಿಲ್ಲ. ಒಳ್ಳೆಯದನ್ನು ಬಾಯಿಬಿಟ್ಟು ಹೇಳಲು ಒಂದು ಊರೇ ಹೆದರುವ ಹಾಗೆ ಮಾಡಿದ್ದೀರಿ. ಇದು ಸಣ್ಣ ಸಾಧನೆಯಲ್ಲ. ಇದಕ್ಕೂ ಒಂದು ಪತ್ರ ಬರೆಸಬೇಕಿತ್ತು, ಬರೆಯುವವನು ನಿಲ್ಲಿಸಿಬಿಟ್ಟಿದ್ದಾನೆ.

ದೈವಕ್ಕೆ ದೂರು ಹೇಳಿ ಎಂದು ನೆರೆಯವರು ಸಲಹೆ ಕೊಟ್ಟರು. ನಮ್ಮಲ್ಲಿ ಅದು ರೂಢಿ. ನಾನು ಹೋಗಲಿಲ್ಲ. ಹೆದರಿಕೆಯಿಂದಲ್ಲ. ಪಾತ್ರಿಯ ಮೈಮೇಲೆ ಬಂದ ದೈವ ಮೊದಲು ಕೇಳುವುದು, ಎದುರಿನವರಿಗೆ ಬಾಯಿಬಿಟ್ಟು ಹೇಳಿ ನೋಡಿದ್ದೀಯಾ ಎಂದು. ಇಲ್ಲ ಎಂದರೆ ಅಂಗಳದಿಂದ ತಿರುಗಿ ಕಳಿಸುತ್ತದೆ. ಹಾಗಾಗಿ ಮೊದಲು ನಿಮಗೆ ಹೇಳುತ್ತಿದ್ದೇನೆ. ನಿಮಗೆ ಕೆಡುಕಾಗಲಿ ಎಂದು ದೀಪದ ಮುಂದೆ ಒಂದು ದಿನವೂ ಬೇಡಿಲ್ಲ. ನಿಮಗೂ ಮಕ್ಕಳಿರಬಹುದು, ಅವರು ಎಷ್ಟು ಬೇಕೋ ಅಷ್ಟು ಕಲಿಯಲಿ.

ನಾನು ಕೇಳುವುದು ಇಷ್ಟು. ನಿಮ್ಮ ಆದೇಶದಿಂದ "ವಂಚಿಸಿದ್ದಾಳೆ" ಎಂಬ ಮಾತನ್ನು ತೆಗೆಯಿರಿ, ತೆಗೆದದ್ದನ್ನು ಬರವಣಿಗೆಯಲ್ಲಿ ಕೊಡಿ. ಕಾರ್ಯದರ್ಶಿ ಅದನ್ನು ಮಂದಿರದ ಮೈಕಿನಲ್ಲಿ ಓದಲಿ, ಆ ಅಂಗಳದ ತಾಯಿಗೂ ಕೇಳಿಸಲಿ. ಗಣಿತದ ಪದವಿಯನ್ನು ಅವಳಿಗೆ ಹಿಂದೆ ಕೊಡಿ. ಕಂಪ್ಯೂಟರಿನದ್ದು ನಿಮ್ಮ ಕೈಯಲ್ಲಿಲ್ಲ, ಗೊತ್ತು. ಆದರೆ ರದ್ದು ಮಾಡಿದ್ದನ್ನು ಅವರಿಗೆ ಬರೆದು ತಿಳಿಸಿದ ಹಾಗೆಯೇ ಇದನ್ನೂ ಬರೆದು ತಿಳಿಸಬಹುದು. ನಿಯಮದಲ್ಲಿ ಒಂದಕ್ಕೇ ಅವಕಾಶವೆಂದಾದರೆ ಒಂದೇ ಇರಲಿ. ಅದು ಯಾವುದು ಎಂದು ನೀವು ನಿಶ್ಚಯಿಸಬೇಡಿ, ಕಲಿತವಳಲ್ಲಿ ಕೇಳಿ.

ನಾನು ಕೇಳಿ ನೋಡಿದ್ದೇನೆ. ಈ ಪತ್ರ ಬರೆಯಲು ಕುಳಿತ ದಿನ, "ಕಿನ್ನಿ, ಒಂದನ್ನಾದ್ರೂ ಕೊಡಿ ಅಂತ ಬರೀತೇನೆ. ಯಾವುದು ಅಂತ ಬರೀಲಿ?" ಎಂದೆ. ಅವಳು ಅಂಗಡಿಗೆ ಹೊರಟು ಚಪ್ಪಲಿ ಹಾಕಿಕೊಳ್ಳುತ್ತಿದ್ದಳು. ಅಪ್ಪನ ಜೀಪು ಕೆಳಗೆ ರಸ್ತೆಯಲ್ಲಿ ಹಾರ್ನ್ ಹಾಕಿತು.

"ಅವ್ರು ಯಾವುದು ಕೊಟ್ರೆ ಅದು" ಎಂದಳು.

ಮಾನ್ಯರೇ, ನನ್ನ ಮಗಳು ಹಾಗೆ ಮಾತಾಡುವವಳಲ್ಲ.

ಇಂತಿ,
ನೀವು ಹೊಗಳಿದ ದಿನ ನಿಮಗಾಗಿ ಪ್ರಾರ್ಥಿಸಿದ,
ಈಗ ಉತ್ತರ ಕಾಯುತ್ತಿರುವ
ಸುಂದರಿ
ಪುತ್ತಿಗೆ, ಕಾಸರಗೋಡು